ವೆರ್ನಾಳ ಕೊನೆಯ ಡಬ್ಬ

ಕಿಂಗರಾಯ್ ಸೀಮೆಯ ಕೆಂಪು ಮಣ್ಣಿನಲ್ಲಿ ಕ್ಲಾರಿ ಮ್ಯಾಡಕ್ ಬೆಳೆಯುತ್ತಿದ್ದ ಕಡಲೆಕಾಯಿ ಎಷ್ಟು ದಪ್ಪವಿತ್ತೆಂದರೆ, ಒಂದು ಕಾಯಿ ಒಡೆದು ಅದರ ಅರ್ಧ ಸಿಪ್ಪೆಯಲ್ಲಿ ಕೂಸನ್ನು ಮಲಗಿಸಿ ತೂಗಬಹುದಿತ್ತು, ಉಳಿದರ್ಧವನ್ನು ಮಳೆಗೆ ಕೊಡೆ ಮಾಡಿಕೊಳ್ಳಬಹುದಿತ್ತು. ಇದು ಸ್ವತಃ ಕ್ಲಾರಿಯ ಮಾತು, ಆದ್ದರಿಂದ ಅನುಮಾನಕ್ಕೆ ಎಡೆಯಿಲ್ಲ. ಇಡೀ ಕ್ವೀನ್ಸ್‌ಲ್ಯಾಂಡಿನಲ್ಲಿ ಅವನಷ್ಟು ದೊಡ್ಡ ಮಾತಾಡುವವನು ಇನ್ನೊಬ್ಬನಿರಲಿಲ್ಲ. ಇದ್ದವನೊಬ್ಬ ಇವನ ಮಾತು ಕೇಳಿ ನಾಚಿ ಊರು ಬಿಟ್ಟಿದ್ದ.

ಅಂಥ ಕ್ಲಾರಿ ಒಂದೇ ದಿನದಲ್ಲಿ ಕಡಲೆಕಾಯಿ ಬಿಟ್ಟ. ಮಗಳು ಟ್ರೂಡಿಯ ಚೊಚ್ಚಲ ಕೂಸು ಮಾರ್ಲಿ, ಆಗಿನ್ನೂ ಹಲ್ಲು ಮೂಡುತ್ತಿದ್ದವಳು, ಹೊಲದಿಂದ ಬಂದ ತಾತನ ಹೆಬ್ಬೆರಳು ಚೀಪಿದ್ದೇ ತಡ, ಮುಖ ಕುಂಬಳಕಾಯಿಯಂತೆ ಊದಿ ಉಸಿರಿಗೆ ಒದ್ದಾಡಿದಳು. ಮಗು ಉಳಿಯಿತು. ಆಸ್ಪತ್ರೆಯಿಂದ ಹಿಂದಿರುಗಿದ ಕ್ಲಾರಿ ಕಿತ್ತು ಒಣಗಲು ಬಿಟ್ಟಿದ್ದ ಬೆಳೆಯನ್ನು ಪಕ್ಕದ ಹೊಲದ ಅರ್ನ್‌ಗೆ ಬಿಟ್ಟುಕೊಟ್ಟು, ಮುಂದಿನ ಹಂಗಾಮಿಗೆ ಜೋಳ ಬಿತ್ತಿದ. ಅವನ ಹೆಂಡತಿ ವೆರ್ನಾ ಮನೆಯನ್ನು ತಿಕ್ಕಿದ ರಭಸಕ್ಕೆ ಗೋಡೆಯ ಬಣ್ಣ ಹೋಯಿತು, ಬಣ್ಣದ ಹಿಂದಿನ ಹಲಗೆ ಹೋಯಿತು, ಇನ್ನೊಂದು ದಿನ ತಿಕ್ಕಿದ್ದರೆ ಆಚೆ ಬದಿಯ ಹೊಲ ಕಾಣಿಸುತ್ತಿತ್ತು. ಮೂರು ವರ್ಷದ ಮೇಲೆ ಹುಟ್ಟಿದ ಕ್ವಿನ್ ಅಕ್ಕನನ್ನೂ ಮೀರಿಸಿದ. ಅವನಿಗೆ ಕಡಲೆಬೀಜದ ಜೊತೆ ಹಾಲೂ ಆಗದು, ಮೊಟ್ಟೆಯೂ ಆಗದು.

ಈ ಇಬ್ಬರಿಗೋಸ್ಕರ ವೆರ್ನಾ ಆನ್‌ಜಾಕ್ ಬಿಸ್ಕತ್ತು ಮಾಡುತ್ತಿದ್ದಳು. ಓಟ್ಸು, ಕೊಬ್ಬರಿ ತುರಿ, ಸಕ್ಕರೆ ಪಾಕ, ಬೆಣ್ಣೆಯ ಬದಲು ಎಣ್ಣೆ. ಅದನ್ನು ಒಲೆಯಿಂದ ತೆಗೆದರೆ ವಾಸನೆಗೆ ಮೂರು ಊರಾಚೆಯ ನಾಯಿಗಳು ಸರಪಳಿ ಕಿತ್ತುಕೊಂಡು ಬರುತ್ತಿದ್ದವು. ಅವಳ ಅಡಿಗೆಮನೆಗೆ ಒಂದೇ ಕಾನೂನು: ಅನುಮಾನದ ಕೈ ಡಬ್ಬಕ್ಕೆ ಬಿದ್ದರೆ, ಡಬ್ಬವೇ ಬಿದ್ದಂತೆ. ಒಂದು ಸಲ ಪಾದ್ರಿಯವರು ಕೈ ತೊಳೆಯದೆ ಒಂದು ಬಿಸ್ಕತ್ತು ಎತ್ತಿಕೊಂಡದ್ದಕ್ಕೆ ಅಷ್ಟನ್ನೂ ಕೋಳಿಗೆ ಸುರಿದಿದ್ದಳು. ಅದೂ ಪಾದ್ರಿಯವರ ಎದುರಿಗೇ.

ಗೋಲ್ಡ್ ಕೋಸ್ಟಿನ ಹೆಜ್ಜಾರ್ಲೆ ಲೋಕವೆಂಬ ಆಟದ ಪಾರ್ಕಿಗೆ ಕರೆದುಕೊಂಡು ಹೋಗುತ್ತೇನೆಂದು ಮಕ್ಕಳಿಗೆ ಮಾತು ಕೊಟ್ಟಿದ್ದವಳೂ ಅವಳೇ. ಅಲ್ಲಿ ನಡುವೆ ನಿಲ್ಲಿಸಿರುವ, ಕೊಕ್ಕಿನ ಕೆಳಗೆ ಚೀಲವಿರುವ ಹೆಜ್ಜಾರ್ಲೆ ಹಕ್ಕಿಯ ಬೊಂಬೆ ಮೋಡಕ್ಕೆ ಕೊಕ್ಕು ತಾಗಿಸುವಷ್ಟು ಎತ್ತರ. ಅದರ ಬಾಯೊಳಗೆ ಹೊಕ್ಕು ಗಂಟಲಿನಲ್ಲಿ ಜಾರಿ ಹೊಟ್ಟೆಯಿಂದ ಹೊರಗೆ ಬೀಳಬೇಕು. ಹಕ್ಕಿಯ ಮೊಣಕಾಲಿಗೆ ತಲೆ ತಾಗದ ಮಕ್ಕಳನ್ನು ಹತ್ತಿಸುವುದಿಲ್ಲ. ಹತ್ತಿಸಿದರೂ ಚಿಕ್ಕವರನ್ನು ದೊಡ್ಡವರು ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. "ಕ್ವಿನ್ ತಲೆ ಮೊಣಕಾಲಿಗೆ ತಾಗ್ಲಿ. ತಾತನ ತೊಡೆ ಮೇಲೆ ಕೂತು ಜಾರು. ಕೆಳಗೆ ನಾನು ಡಬ್ಬ ತಕ್ಕೊಂಡು ನಿಂತಿರ್ತೀನಿ" ಎನ್ನುತ್ತಿದ್ದಳು.

ಈಸ್ಟರ್ ಕಳೆದ ಮೇಲೆ ವೆರ್ನಾ ತೀರಿಕೊಂಡಳು. ಫ್ರೀಜರಿನ ತಳದಲ್ಲಿ, ಹೆಪ್ಪುಗಟ್ಟಿದ ಬಟಾಣಿಯ ಅಡಿಯಲ್ಲಿ, ಕ್ಲಾರಿಗೆ ಒಂದು ನೀಲಿ ಡಬ್ಬ ಸಿಕ್ಕಿತು. ಮೇಲೆ ಅಂಟುಪಟ್ಟಿ, ಅದರ ಮೇಲೆ ಅವಳ ಅಕ್ಷರ: ಹೆಜ್ಜಾರ್ಲೆ ದಿನಕ್ಕೆ. ಕ್ಲಾರಿ, ಕೈ ಹಾಕಬೇಡ.

ಅವನು ಕೈ ಹಾಕಲಿಲ್ಲ. ಆಗಸ್ಟ್‌ವರೆಗಿನ ಅಲ್ಲಿನ ಚಳಿಗಾಲವಿಡೀ ಆ ಡಬ್ಬ ಫ್ರೀಜರಿನಲ್ಲೇ ಇತ್ತು. ಪ್ರಪಂಚದಲ್ಲಿ ವೆರ್ನಾಳ ಕೈಯಿಂದ ಬಂದದ್ದು ಇನ್ನೇನೂ ಉಳಿದಿಲ್ಲ, ಅದು ಮಕ್ಕಳ ಬಾಯಿಗೇ ಹೋಗಬೇಕು ಎಂದು ಅವನು ದಿನಕ್ಕೊಮ್ಮೆ ಫ್ರೀಜರ್ ತೆಗೆದು ನೋಡಿ ಮುಚ್ಚುತ್ತಿದ್ದ.

ಸೆಪ್ಟೆಂಬರ್ ರಜೆಯಲ್ಲಿ ಕ್ವಿನ್ ಬೆಳೆದಿದ್ದ. ಕ್ಲಾರಿ ಡಬ್ಬ ಹಿಡಿದು ಹಿಂದಿನ ದಿನವೇ ಟ್ರೂಡಿಯ ಮನೆಗೆ ಬಂದು ಮಲಗಿದ್ದ. ಬೆಳಿಗ್ಗೆ ಟ್ರೂಡಿ ನರ್ಸಿನ ಸಮವಸ್ತ್ರದಲ್ಲೇ ಅವರನ್ನು ಹೆಜ್ಜಾರ್ಲೆ ಲೋಕದ ಬಾಗಿಲಿಗೆ ತಂದುಬಿಟ್ಟಳು. ಅವಳಿಗೆ ಡ್ಯೂಟಿ ತಪ್ಪಿಸಲಾಗಿರಲಿಲ್ಲ.

"ಅಪ್ಪ, ಔಷಧಿ ಈ ಚೀಲದಲ್ಲಿದೆ. ಉಸಿರು ಕಟ್ಟಿದ್ರೆ ತೊಡೆಗೆ ಚುಚ್ಚೋ ಸೂಜಿ ಪೆನ್ನು ಇಲ್ಲಿ. ಅಲ್ಲಿನ ಕ್ಯಾಂಟೀನಲ್ಲಿ ಆಲೂಗಡ್ಡೆ ಚಿಪ್ಸೂ ಬೇಡ, ಎಲ್ಲಾ ಒಂದೇ ಎಣ್ಣೇಲಿ ಕರೀತಾರೆ."

"ನಲವತ್ತು ವರ್ಷ ಹೊಲ ನಡೆಸಿದೀನಿ ಕಣೇ. ಎರಡು ಮಕ್ಳನ್ನ ನೋಡ್ಕೊಳ್ಳೋಕಾಗಲ್ವ?"

"ಹೊಲ ನಡೆಸಿದ್ದು ಅಮ್ಮ. ನೀನು ಬೇಲಿ ಮೇಲೆ ಕೂತು ಮಾತಾಡ್ದೆ." ಟ್ರೂಡಿ ನಕ್ಕಳು. ಆಮೇಲೆ ಅವನ ಕೋಟಿನ ಕತ್ತುಪಟ್ಟಿ ಸರಿಮಾಡುತ್ತ, ನಗದೆ, "ಇವರನ್ನ ಒಬ್ಬನೇ ಕರ್ಕೊಂಡು ಹೋಗ್ತಿರೋದು ಇದೇ ಮೊದಲು ಅಪ್ಪ" ಎಂದಳು.

"ಒಬ್ಬನೇ ಅಲ್ಲ. ನಿಮ್ಮಮ್ಮ ಇದಾಳೆ" ಎಂದು ಕ್ಲಾರಿ ಡಬ್ಬ ಬಡಿದು ತೋರಿಸಿದ.

ಕೋಟು ಹಾಕಿಕೊಂಡದ್ದೂ ವೆರ್ನಾಳ ಆಜ್ಞೆಯಂತೆಯೇ. ಫೋಟೋ ತೆಗೀತಾರೆ, ಹೊಲದ ಚಿಂದಿ ಹಾಕ್ಕೊಂಡು ಮಾನ ಕಳೀಬೇಡ ಎಂದು ವರ್ಷದಿಂದ ಹೇಳುತ್ತಿದ್ದಳು. ಅವನಿಗಿದ್ದ ಒಳ್ಳೆಯ ಕೋಟು ಒಂದೇ. ಅದನ್ನು ಕಡೆಯ ಸಲ ತೊಟ್ಟದ್ದು ಅವಳನ್ನು ಮಣ್ಣು ಮಾಡಿದ ದಿನ.

ಬಾಗಿಲಲ್ಲಿ ಚೀಲ ತಪಾಸಣೆ ಮಾಡುತ್ತಿದ್ದವನು ಡಬ್ಬದ ಮೇಲೆ ಬೆರಳಿಟ್ಟ. "ಹೊರಗಿನ ತಿಂಡಿ ಒಳಗೆ ಬಿಡಲ್ಲ ಯಜಮಾನ್ರೇ."

ಕ್ಲಾರಿ ಬಾಯಿ ತೆರೆಯುವ ಮೊದಲೇ ಮಾರ್ಲಿ ಮುಂದೆ ಬಂದಳು. ಎಂಟು ವರ್ಷದ ಆ ಹುಡುಗಿ ಸೊಂಟಕ್ಕೆ ಕೈಯಿಟ್ಟರೆ ನ್ಯಾಯಾಧೀಶರೂ ಎದ್ದು ನಿಲ್ಲಬೇಕು. "ಇವನಿಗೆ ಕಡಲೆಬೀಜ, ಹಾಲು, ಮೊಟ್ಟೆ ಆಗಲ್ಲ. ನಂಗೆ ಕಡಲೆಬೀಜ ಆಗಲ್ಲ. ನಿಮ್ಮ ಅಡಿಗೆಮನೇಲಿ ಇವೆಲ್ಲ ಇಲ್ಲ ಅಂತ ನೀವು ಹೇಳ್ತೀರಾ?"

"ಅಡಿಗೆಮನೆ ಯಾವ ಕಡೆ ಇದೆ ಅಂತಾನೇ ನಂಗೆ ಗೊತ್ತಿಲ್ಲಮ್ಮ" ಎಂದು ಅವನು ಕೈ ತೆಗೆದ. "ಹೋಗಿ. ಡಬ್ಬದಲ್ಲಿ ಏನಿದೆ?"

"ನಮ್ಮಜ್ಜಿ" ಎಂದ ಕ್ವಿನ್. ತಪಾಸಣೆಯವನು ಗಾಬರಿಯಾಗಿ ದಾರಿ ಬಿಟ್ಟ.

ಹಕ್ಕಿಯ ಬಾಯಿಗೆ ಹೋಗುವ ಮೆಟ್ಟಿಲಲ್ಲಿ ಎಂಥಾ ಸಾಲು! ಸಾಲಿನ ತುದಿಯಲ್ಲಿ ನಿಂತಾಗ ಕಂಕುಳ ಕೂಸಾಗಿದ್ದವರು ಮೇಲೆ ಮುಟ್ಟುವಷ್ಟರಲ್ಲಿ ಗಡ್ಡ ಬಿಟ್ಟಿರುತ್ತಿದ್ದರು. ಮೊಣಕಾಲಿನ ಗುರುತಿಗೆ ಕ್ವಿನ್‌ನ ತಲೆ ತಾಗಿತು, ಒಂದು ಕೂದಲು ಮೇಲೂ ಹೋಯಿತು. ಅವನು ಆ ಕೂದಲನ್ನು ಹಿಡಿದುಕೊಂಡೇ ಉಳಿದ ಮೆಟ್ಟಿಲು ಹತ್ತಿದ.

"ತಾತ, ನಿಂಗೆ ಭಯಾನಾ?"

"ನಂಗಾ? ಮೊಸಳೆ ಬಾಯಲ್ಲಿ ಹಲ್ಲು ಎಣಿಸಿ ಬಂದೋನು ನಾನು."

"ಎಷ್ಟಿದ್ವು?"

"ಎಣಿಸಿ ಮುಗಿಸೋದ್ರೊಳಗೆ ಅದಕ್ಕೆ ವಯಸ್ಸಾಗಿ ಎಲ್ಲಾ ಉದುರಿಹೋದ್ವು."

ನಿಜವೆಂದರೆ ಕ್ಲಾರಿಗೆ ಎತ್ತರ ಆಗದು, ಅಟ್ಟಕ್ಕೂ ವೆರ್ನಾಳನ್ನೇ ಹತ್ತಿಸುತ್ತಿದ್ದ. ಕೆಳಗೆ ನೋಡಬಾರದೆಂದು ಎದುರಿನವನ ಬೆನ್ನು ನೋಡುತ್ತ, ಎಡಗೈಯಲ್ಲಿ ಡಬ್ಬ ಅವಚಿಕೊಂಡು, ಬಲಗೈಯನ್ನು ಕೋಟಿನ ಜೇಬಿಗೆ ತೂರಿಸಿ ನಿಂತ. ಕೆಳಗೆ ಡಬ್ಬ ತೆರೆದಾಗ ಏನು ಹೇಳಬೇಕು, ಅಜ್ಜಿ ಕಳಿಸಿದಾಳೆ ಅನ್ನಬೇಕೋ ಅಜ್ಜಿ ಇಲ್ಲೇ ಇದಾಳೆ ಅನ್ನಬೇಕೋ ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಜೇಬಿನೊಳಗಿನ ಬೆರಳುಗಳು ಅವುಗಳ ಪಾಡಿಗೆ ಯಾವುದೋ ಹಳೆಯ ಕೆಲಸ ಮಾಡುತ್ತಿದ್ದವು. ಮನಸ್ಸು ಅವುಗಳನ್ನು ಕೇಳಲಿಲ್ಲ, ಅವೂ ಮನಸ್ಸಿಗೆ ಹೇಳಲಿಲ್ಲ.

ಮಾರ್ಲಿ ಒಬ್ಬಳೇ ಮೊದಲು ಜಾರಿದಳು. ಕ್ಲಾರಿ ಡಬ್ಬವನ್ನು ಅಲ್ಲಿ ಕೆಲಸಕ್ಕಿದ್ದ ಹುಡುಗಿಯ ಕೈಗೆ ಕೊಟ್ಟು ಕೆಳಗೆ ಕಳಿಸುವ ಬುಟ್ಟಿಗೆ ಹಾಕಿಸಿದ. ಕ್ವಿನ್‌ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಆ ಪುಟ್ಟ ತೋಳುಗಳೆರಡನ್ನೂ ಬಿಗಿಯಾಗಿ ಹಿಡಿದುಕೊಂಡ.

ಆ ಜಾರುವಿಕೆಯನ್ನು ಏನೆಂದು ಹೇಳುವುದು! ಗಂಟಲೊಳಗೆ ಕತ್ತಲೆ, ಕತ್ತಲೆಯೊಳಗೆ ಗಾಳಿ, ಗಾಳಿಯೊಳಗೆ ಕ್ವಿನ್‌ನ ಕೇಕೆ. ಕ್ಲಾರಿ ಕಿರುಚಿದ್ದು ಸಮುದ್ರದಾಚೆಯ ನ್ಯೂಜಿಲೆಂಡಿಗೆ ಕೇಳಿಸಿ ಅಲ್ಲಿನ ಕುರಿಗಳು ಮೇವು ಬಿಟ್ಟು ತಲೆಯೆತ್ತಿರಬೇಕು. ಕೊನೆಗೆ ಹಕ್ಕಿಯ ಹೊಟ್ಟೆ ಇಬ್ಬರನ್ನೂ ಬಿಸಿಲಿಗೆ ಉಗುಳಿತು. ವೆರ್ನಾ ಹೋದ ಮೇಲೆ ಕ್ಲಾರಿ ನಕ್ಕದ್ದು ಅದೇ ಮೊದಲು.

"ಈಗ ಅಜ್ಜಿ ಡಬ್ಬ" ಎಂದ ಕ್ವಿನ್.

ಹಕ್ಕಿಯ ಪಾದದ ಬಳಿಯ ಬೆಂಚಿನಲ್ಲಿ ಕೂತರು. ಮಕ್ಕಳು ಒದ್ದೆ ಬಟ್ಟೆಯಲ್ಲಿ ಕೈ ಒರೆಸಿಕೊಂಡರು. ಮಾರ್ಲಿ ಒಂದು ಬಟ್ಟೆ ತಾತನಿಗೂ ಚಾಚಿದಳು. ಅವನು ನೋಡಲಿಲ್ಲ. ಅವನ ಕಣ್ಣು ಆಗಲೇ ಮಂಜಾಗಿತ್ತು. ಅಂಟುಪಟ್ಟಿಯನ್ನು ಹರಿಯದಂತೆ ಉಗುರಿನಿಂದ ಬಿಡಿಸುತ್ತಿದ್ದ. ಮುಚ್ಚಳ ತೆಗೆದ. ಆ ವಾಸನೆ ಬಂತು. ಅವನು ಕೈ ಹಾಕಿ, ಎಲ್ಲಕ್ಕಿಂತ ದುಂಡಗಿದ್ದದ್ದು ಯಾವುದೆಂದು ತಡವಿ ತಡವಿ ಹುಡುಕಿ, ಒಂದನ್ನು ಕ್ವಿನ್‌ಗೆ ಕೊಟ್ಟ.

"ತಾತ" ಎಂದಳು ಮಾರ್ಲಿ. ದನಿ ಸಣ್ಣದಾಗಿತ್ತು. "ಅವನ ತೋಳು."

ಕ್ವಿನ್‌ನ ಎರಡೂ ತೋಳಿನ ಮೇಲೆ ದದ್ದು ಎದ್ದಿತ್ತು. ಸುಮ್ಮನೆ ದದ್ದಲ್ಲ. ಒಂದೊಂದು ತೋಳಿಗೂ ಒಂದೊಂದು ಕೈಯ ಅಚ್ಚು. ಬಲಗಡೆಯದು ಕೆಂಡದಂತಿತ್ತು, ಹೆಬ್ಬೆರಳು ಎಲ್ಲಿ, ಕಿರುಬೆರಳು ಎಲ್ಲಿ ಎಂದು ತೋರಿಸಬಹುದಿತ್ತು.

ಕ್ಲಾರಿ ತನ್ನ ಬಲಗೈ ನೋಡಿಕೊಂಡ. ಉಗುರ ಸಂದಿಯಲ್ಲಿ, ಬೆರಳ ಗೆರೆಗಳಲ್ಲಿ, ತೆಳ್ಳಗೆ ಕೆಂಪು ಹೊಟ್ಟು. ಎಡಗೈಗೂ ಅದರದೇ ಪುಡಿ ತಾಗಿತ್ತು.

ಕ್ವಿನ್ ಬಿಸ್ಕತ್ತನ್ನು ತುಟಿಗೆ ತಂದಿದ್ದ. ಕ್ಲಾರಿ ಅದನ್ನು ಹೊಡೆದು ಬೀಳಿಸಿದ. ಮಕ್ಕಳ ಮೇಲೆ ಎಂದೂ ಕೈ ಎತ್ತದವನು ಎತ್ತಿದ ಆ ಕೈಗೆ ಬೆದರಿ ಹುಡುಗ ಬೆಂಚಿನಿಂದ ಹಿಂದಕ್ಕೆ ಬಿದ್ದ. ಬಿದ್ದವನನ್ನು ಎತ್ತಲು ಕ್ಲಾರಿ ಬಾಗಿದ.

"ಮುಟ್ಬೇಡ" ಎಂದಳು ಮಾರ್ಲಿ. "ತಾತ, ಅವನ್ನ ಮುಟ್ಬೇಡ."

ಅವನು ಬಾಗಿದಲ್ಲೇ ನಿಂತುಬಿಟ್ಟ. ಮಾರ್ಲಿಯೇ ತಮ್ಮನನ್ನು ಎಬ್ಬಿಸಿದಳು, ನಲ್ಲಿಗೆ ಎಳೆದುಕೊಂಡು ಹೋಗಿ ತೋಳು ತೊಳೆದಳು, ಚೀಲದಿಂದ ಔಷಧಿ ತೆಗೆದು ಕುಡಿಸಿದಳು. ಪ್ರಥಮ ಚಿಕಿತ್ಸೆಯ ಹೆಂಗಸು ಓಡಿಬಂದು ಕ್ವಿನ್‌ನ ಬಾಯಿ ನೋಡಿದಳು, ಎದೆಗೆ ಸ್ಟೆತೊಸ್ಕೋಪ್ ಇಟ್ಟಳು, ಸೂಜಿ ಪೆನ್ನು ಕೈಯಲ್ಲೇ ಹಿಡಿದು ಪಕ್ಕದಲ್ಲಿ ಕೂತಳು. ತುಟಿ ಊದಲಿಲ್ಲ. ಉಸಿರು ಸರಾಗವಾಗಿತ್ತು. ಬಹಳ ಹೊತ್ತು ನೋಡಿ, "ತಪ್ಪಿಸ್ಕೊಂಡ. ಮೈಮೇಲೆ ಮಾತ್ರ. ಆದ್ರೂ ನನ್ನ ಕಣ್ಣೆದುರಿಗೇ ಇರ್ಲಿ" ಎಂದಳು. ಕ್ಲಾರಿಗೆ ಒಂದು ಪ್ಲಾಸ್ಟಿಕ್ ಚೀಲ ಕೊಟ್ಟು, "ಜೇಬಿಂದ ಹೊಟ್ಟು ಉದುರ್ತಿದೆ. ಕೋಟು ಇದಕ್ಕೆ ಹಾಕಿ ಗಂಟು ಹಾಕಿ. ಅಂಗಿ ಪ್ಯಾಂಟಿಗೂ ಅಂಟಿರುತ್ತೆ. ನೀವು ಆ ಕಡೆ ಕೂತ್ಕೊಳ್ಳಿ" ಎಂದಳು. ಅವನು ಟ್ರೂಡಿಗೆ ಫೋನ್ ಮಾಡಿ ಇದ್ದದ್ದು ಹೇಳಿ, ಕೈ ತೊಳೆದು, ಮತ್ತೆ ತೊಳೆದು, ಕೋಟು ಬಿಚ್ಚಿದ.

ಜೇಬು ಮಗುಚಿದಾಗ ನೆನಪಾಯಿತು. ಕಡಲೆಕಾಯಿ ಬೆಳೆಯುವ ಹಳಬರಲ್ಲಿ ಯಾರಾದರೂ ಹೋದರೆ ಮಣ್ಣಿನ ಬದಲು ಆ ವರ್ಷದ ಕಾಯಿಯನ್ನು ಒಂದೊಂದು ಹಿಡಿ ಶವಪೆಟ್ಟಿಗೆಯ ಮೇಲೆ ಹಾಕುತ್ತಿದ್ದರು. ವೆರ್ನಾ ಮದುವೆಗೆ ಮೊದಲು ಗಿರಣಿಯಲ್ಲಿ ಕಾಯಿ ಆರಿಸುತ್ತಿದ್ದವಳು; ಕ್ಲಾರಿ ಅವಳನ್ನು ನೋಡಿದ್ದೇ ಅಲ್ಲಿ. ಗುಂಡಿಯ ಅಂಚಿನಲ್ಲಿ ಅರ್ನ್ ಅವನ ಅಂಗೈಗೆ ಒಂದು ಹಿಡಿ ಸುರಿದಿದ್ದ. ಮಕ್ಕಳನ್ನು ಅಲ್ಲಿಗೆ ತಂದಿರಲಿಲ್ಲ. ಎಲ್ಲರೂ ಹಾಕಿದರು. ಕ್ಲಾರಿಗೆ ಕೈ ಬಿಡಿಸಲಾಗಲಿಲ್ಲ. ಹಾಕಿದರೆ ಮುಗಿಯಿತಲ್ಲ ಎಂದು ಮುಷ್ಟಿಯನ್ನು ಹಾಗೇ ಜೇಬಿಗಿಳಿಸಿದ್ದ. ಆಮೇಲೆ ಮನೆ, ಕೋಟು ಬೀರುವಿಗೆ. ಇವತ್ತು ಮೆಟ್ಟಿಲ ಮೇಲೆ ನಿಂತು, ನಲವತ್ತು ವರ್ಷದ ಅಭ್ಯಾಸದಂತೆ ಬೆರಳುಗಳು ಒಂದೊಂದಾಗಿ ಆ ಕಾಯಿ ಒಡೆದು, ಬೀಜದ ಸಿಪ್ಪೆ ಉಜ್ಜಿ ಉದುರಿಸಿದ್ದವು. ಆ ವಾಸನೆಯಲ್ಲೇ ಬಾಳಿದ ಮೂಗಿಗೆ ಅದು ವಾಸನೆಯೆನಿಸಿರಲಿಲ್ಲ.

ಅವನು ಆಚೆಯ ಬೆಂಚಿಗೆ ಹೋಗಿ ಕೂತ. ಗಾಳಿ ಮಕ್ಕಳ ಕಡೆಯಿಂದ ಅವನ ಕಡೆಗೆ ಬೀಸುತ್ತಿತ್ತು. ಮಾರ್ಲಿ ಅದನ್ನೂ ನಲ್ಲಿಯಲ್ಲಿ ತೊಳೆದ ಒದ್ದೆ ಬೆರಳು ಎತ್ತಿ ಹಿಡಿದು ನೋಡಿಕೊಂಡಿದ್ದಳು. ನಡುವೆ ಖಾಲಿ ನೆಲ. ಡಬ್ಬ ಅವನ ಪಕ್ಕದಲ್ಲಿತ್ತು.

ಅತ್ತು ಮುಗಿಸಿದ ಕ್ವಿನ್ ಅಲ್ಲಿಂದಲೇ ಕೂಗಿದ. "ಕೆಳಗಿನ ಸಾಲಿಂದು ಕೊಡು. ಅದನ್ನ ನೀನು ಮುಟ್ಟಿಲ್ಲ."

ಕ್ಲಾರಿ ಡಬ್ಬದೊಳಗೆ ನೋಡಿದ. ಮೇಲಿನ ಸಾಲಿನ ಕೆಳಗೆ ಕಾಗದ, ಕಾಗದದ ಕೆಳಗೆ ಇನ್ನೊಂದು ಸಾಲು. ಕಾಗದ ಒಂದು ಮೂಲೆಯಲ್ಲಿ ಮಡಚಿತ್ತು. ತಡವಿದಾಗ ಕೈ ಅಲ್ಲಿಗೆ ಹೋಗಿತ್ತೋ ಇಲ್ಲವೋ. ಹೋಗಿರಲಿಲ್ಲ ಎಂದು ಅವನಿಗೆ ಅನಿಸಿತು. ಹೋಗಿರಲಿಲ್ಲ ಎಂದು ಪ್ರಮಾಣ ಮಾಡುವುದು ಅವನಿಗೆಷ್ಟರ ಮಾತು? ಮೊಸಳೆಯ ಹಲ್ಲು ಎಣಿಸಿದ ಬಾಯಿ ಅದು.

"ಮಾರ್ಲಿ, ಅಜ್ಜಿ ಏನನ್ನೋಳು?" ಎಂದು ಕೇಳಿದ.

ಮಾರ್ಲಿ ತಮ್ಮನ ಒದ್ದೆ ತೋಳು ಒರೆಸತೊಡಗಿದಳು.

"ಹೇಳಮ್ಮ."

"ಡಬ್ಬವೇ ಬಿದ್ದಂಗೆ" ಎಂದಳು.

"ಅಷ್ಟೇ" ಎಂದ ಕ್ಲಾರಿ. "ಅಷ್ಟೇ ಕಣೋ ಕ್ವಿನ್."

ಹುಡುಗ ಬೆಂಚಿನ ಕಾಲು ಒದ್ದ. ಆಮೇಲೆ ಹೇಳಿದ: "ಕೋಳಿಗೆ ಹಾಕ್ಬೇಡ. ಮನೆಗೂ ತಕ್ಕೊಂಡು ಹೋಗ್ಬೇಡ. ಅಜ್ಜಿ ಇಲ್ಲೇ ತಿನ್ನಿ ಅಂದಿದ್ರು. ನೀನು ತಿನ್ನು. ಹೆಂಗಿದೆ ಅಂತ ನಮ್ಗೆ ಹೇಳು. ದೊಡ್ಡದಾಗಿ ಹೇಳು."

ಕ್ಲಾರಿ ಒಂದನ್ನು ತೆಗೆದು ಕಚ್ಚಿದ. ಕಸದ ತೊಟ್ಟಿ ಕೋಳಿ ಎಂದು ಊರೆಲ್ಲ ಬೈಯುವ ಉದ್ದ ಕೊಕ್ಕಿನ ಬಿಳಿ ಹಕ್ಕಿಯೊಂದು ಬಂದು ಅವನ ಕಾಲ ಬಳಿ ಕಾದು ನಿಂತಿತು. ಅದಕ್ಕೆ ಒಂದು ಚೂರೂ ಬೀಳದಂತೆ ಗಲ್ಲದ ಕೆಳಗೆ ಅಂಗೈ ಹಿಡಿದುಕೊಂಡ.

"ಹೆಂಗಿದೆ?"

"ಇದು... ಇದನ್ನ ತಿಂದ್ರೆ ಸತ್ತ ಕುದುರೆ ಎದ್ದು ಮೆಲ್ಬರ್ನ್ ರೇಸು ಗೆಲ್ಲುತ್ತೆ."

"ಇನ್ನೂ?"

"ರಾಜರ ಅರಮನೇಲಿ ಇದನ್ನ ತಿಜೋರೀಲಿ ಇಡ್ತಾರೆ. ಕಿರೀಟಾನ ಹೊರಗಿಟ್ಟು."

ಕ್ವಿನ್ ನಕ್ಕ. ಮಾರ್ಲಿಯೂ ಮೂಗೊರೆಸಿಕೊಂಡು ನಕ್ಕಳು. ಕ್ಲಾರಿ ಮೇಲಿನ ಸಾಲನ್ನು ತಿಂದ, ಒಂದೊಂದಕ್ಕೂ ಒಂದೊಂದು ಸುಳ್ಳು ಕಟ್ಟಿದ. ನಡುವೆ ನೀರು ಕುಡಿದ. ಕಾಗದ ಎತ್ತಿದ. ಅದರ ಕೆಳಗಿನ ಸಾಲು ಕಪ್ಪಗಿತ್ತು. ಅಂಚು ಸೀದಿತ್ತು. ಅವನಿಗೆ ಸೀದದ್ದೇ ಇಷ್ಟ. ಪ್ರತಿ ಸಲ ಕಡೆಯ ತಟ್ಟೆ ಸೀದು ಹೋಗುತ್ತಿತ್ತು, ಮರೆತೆ ಕಣೋ ಎಂದು ವೆರ್ನಾ ಅದನ್ನು ಅವನ ಮುಂದೆ ತಳ್ಳುತ್ತಿದ್ದಳು. ಇಷ್ಟು ಚೆನ್ನಾಗಿ ಮಾಡುವವಳು ಯಾಕೆ ಪ್ರತಿ ಸಲವೂ ಮರೆಯುತ್ತಾಳೆಂದು ಅವನು ಬಾಳಿನುದ್ದಕ್ಕೂ ಗೇಲಿ ಮಾಡಿದ್ದ.

ಒಂದನ್ನು ಬಾಯಿಗಿಟ್ಟ.

"ಅದು ಹೆಂಗಿದೆ?" ಎಂದ ಕ್ವಿನ್.

ಕ್ಲಾರಿ ನಿಧಾನವಾಗಿ ಅಗಿಯುತ್ತಿದ್ದ.

"ತಾತ, ಅದು ಹೆಂಗಿದೆ?"

"ಬಿಸ್ಕತ್ತು" ಎಂದ ಕ್ಲಾರಿ. "ಬಿಸ್ಕತ್ತಿನ ಹಾಗೇ ಇದೆ."

ಟ್ರೂಡಿ ಬಂದಾಗ ಅವನು ಒಂದನ್ನು ಉಳಿಸಿಕೊಂಡು ಕೂತಿದ್ದ. ಅವಳು ಮೊದಲು ಮಕ್ಕಳ ಹತ್ತಿರ ಹೋಗಿ ಕ್ವಿನ್‌ನ ಅಂಗಿ ಎತ್ತಿ ನೋಡಿದಳು, ನಾಲಿಗೆ ನೋಡಿದಳು, ತೋಳಿನ ಮೇಲೆ ಮಾಸುತ್ತಿದ್ದ ಬೆರಳುಗಳನ್ನು ನೋಡಿದಳು. ಆಮೇಲೆ ಅಪ್ಪನ ಕಡೆ ಬಂದು, ಹತ್ತಿರ ಬಾರದೆ ನಿಂತಳು.

"ಜೇಬು ನೋಡ್ಕೊಳ್ಳೋಕಾಗ್ಲಿಲ್ವ ನಿಂಗೆ? ಒಂದು ಜೇಬು."

"ಇಲ್ಲ."

"ಎಲ್ಲಿಂದ ಬಂತದು? ಮನೇಲಿ ಎಂಟು ವರ್ಷದಿಂದ ಒಂದು ಬೀಜ ಇಲ್ಲ."

"ಅರ್ನ್ ಕೊಟ್ಟಿದ್ದು. ಅವತ್ತು. ನಿಮ್ಮಮ್ಮನಿಗೆ ಹಾಕೋಕೆ."

ಅವತ್ತು ಅವನ ಪಕ್ಕದಲ್ಲೇ ನಿಂತಿದ್ದವಳು ಟ್ರೂಡಿ. ಮುಚ್ಚಿದ ಆ ಮುಷ್ಟಿಯನ್ನು ನೋಡಿದ್ದಳು.

"ನಿಂಗೆ ಅಂತ ಒಂದು ಇಟ್ಟಿದೀನಿ" ಎಂದು ಕ್ಲಾರಿ ಡಬ್ಬವನ್ನು ಬೆಂಚಿನ ತುದಿಗೆ ಸರಿಸಿದ. "ಕೊನೇದು."

ಅವಳು ಡಬ್ಬ ನೋಡಿದಳು. ಕೈ ಅರ್ಧ ಬಂದು ನಿಂತಿತು. "ನಾನು ಅವರನ್ನ ಎತ್ಕೋಬೇಕಲ್ಲಪ್ಪ" ಎಂದಳು. ಕೈಗಳನ್ನು ಹಿಂದೆ ಕಟ್ಟಿಕೊಂಡು, ಡಬ್ಬಕ್ಕೆ ತಾಗದಂತೆ ಬಗ್ಗಿ, ಉಸಿರೆಳೆದುಕೊಂಡಳು. ಬಗ್ಗಿದವಳು ಸ್ವಲ್ಪ ಹೊತ್ತು ಹಾಗೇ ಇದ್ದಳು.

"ಅಮ್ಮಾ" ಎಂದು ಕ್ವಿನ್ ಕೂಗಿದ. "ತಾತ ಸರಿಯಾಗಿ ಹೇಳ್ತಿಲ್ಲ. ನೀನು ಹೇಳು. ಹೆಂಗಿದೆ?"

"ಸೀದ ವಾಸನೆ" ಎಂದಳು ಟ್ರೂಡಿ.

"ಹಂಗಾದ್ರೆ ಅದು ತಾತಂದೇ" ಎಂದ ಕ್ವಿನ್. "ಅಜ್ಜಿ ಬೇಕೂಂತಾನೇ ಸೀಯಿಸೋದು. ಪಕ್ಕದಲ್ಲೇ ನಿಂತು ಕಾಯ್ತಿದ್ರು. ತಾತಂಗೆ ಹೇಳ್ಬೇಡ ಅಂದಿದ್ರು."

ಟ್ರೂಡಿ ಕಾರಿನ ಕೀಲಿ ತೆಗೆದಳು. ಕ್ಲಾರಿ ತಾನೇ ಹೇಳಿದ: "ನೀವು ಹೊರಡಿ. ಈ ಬಟ್ಟೇಲಿ ನಾನು ಕಾರು ಹತ್ತೋದು ಬೇಡ. ಬಸ್ಸಲ್ಲಿ ಬರ್ತೀನಿ. ಹಿತ್ತಲ ನಲ್ಲೀಲಿ ಮೈ ತೊಳ್ಕೊಂಡು ಆಮೇಲೆ ಒಳಗೆ ಬರ್ತೀನಿ."

"ಹಿತ್ತಲಲ್ಲಿ ಟವೆಲ್ ಇಟ್ಟಿರ್ತೀನಿ" ಎಂದಳು ಟ್ರೂಡಿ.

ಹೋಗುವಾಗ ಕ್ವಿನ್ ಅಮ್ಮನ ಕೈ ಕೊಸರಿಕೊಂಡು ಅವನ ಕಡೆ ಓಡಿಬಂದ. ಕ್ಲಾರಿ ಎದ್ದು ಎರಡೂ ಕೈ ಮೇಲೆತ್ತಿ ಹಿಂದಕ್ಕೆ ಹೆಜ್ಜೆಯಿಟ್ಟ, ಹುಡುಗ ಬಂದಷ್ಟೂ ಹಿಂದಕ್ಕೆ, ಹೆಜ್ಜಾರ್ಲೆಯ ಕಾಲಿಗೆ ಬೆನ್ನು ತಾಗುವವರೆಗೆ. ಮಾರ್ಲಿ ತಮ್ಮನ ಕತ್ತುಪಟ್ಟಿ ಹಿಡಿದು ನಿಲ್ಲಿಸಿದಳು. ಅಲ್ಲಿಂದಲೇ ಮೂವರೂ ಕೈ ಬೀಸಿದರು.

ಬಸ್ಸಿಗೆ ಹೊತ್ತಿತ್ತು. ಅವನು ಬೆಂಚಿಗೆ ಮರಳಿ, ಗಂಟು ಹಾಕಿದ ಚೀಲವನ್ನು ಕಾಲುಗಳ ನಡುವೆ ಇಟ್ಟುಕೊಂಡು, ಡಬ್ಬದಲ್ಲಿ ಉಳಿದದ್ದನ್ನು ತಿಂದ.